ಅತ್ತಿಹಣ್ಣು ಯಾವ ಮೆಟ್ಟಿಲು?

ಪದವಿಪೂರ್ವ ತರಗತಿಗೆ ಜೀವಶಾಸ್ತ್ರ ಕಲಿಸುವವರು ವರ್ಷದ ಮೊದಲ ವಾರಗಳಲ್ಲಿ ಕರಿಹಲಗೆಯ ಮೇಲೆ ಒಂದು ಏಣಿಯನ್ನು ಬರೆದೇ ಬರೆಯುತ್ತಾರೆ. ಕೆಳಗಡೆ ಪರಮಾಣು, ಅದರ ಮೇಲೆ ಅಣು, ಆಮೇಲೆ ಕಣದಂಗ ಎಂದರೆ ಜೀವಕೋಶದೊಳಗಿನ ಪುಟ್ಟ ಭಾಗ, ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಇಡೀ ಜೀವಿ. ಜೀವಿಯಿಂದಾಚೆಗೆ ಒಂದೇ ಪ್ರಭೇದದ ಜೀವಿಗಳ ಗುಂಪು, ಹಲವು ಪ್ರಭೇದಗಳ ಸಮುದಾಯ, ಮಣ್ಣು ನೀರು ಗಾಳಿಗಳನ್ನೂ ಸೇರಿಸಿಕೊಂಡ ಪರಿಸರ ವ್ಯವಸ್ಥೆ, ತುತ್ತತುದಿಯಲ್ಲಿ ಜೀವಗೋಳ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನೂ ಇದನ್ನು ಬರೆದಿದ್ದೇನೆ. ಮಕ್ಕಳಿಗೆ ಇದು ಸುಲಭವಾಗಿ ನೆನಪಿರುತ್ತದೆ, ಪರೀಕ್ಷೆಯಲ್ಲಿ ಅಂಕ ತರುತ್ತದೆ, ಬರೆದವರಿಗೂ ಏನೋ ಒಂದು ಅಚ್ಚುಕಟ್ಟಾದ ಕೆಲಸ ಮಾಡಿದ ತೃಪ್ತಿಯನ್ನು ಕೊಡುತ್ತದೆ.

ಕೆಲವು ವರ್ಷಗಳ ಹಿಂದೆ, ಈ ಏಣಿಯನ್ನು ಬರೆದು ಮುಗಿಸಿ ಕೈಯ ಸುಣ್ಣದ ಪುಡಿಯನ್ನು ಕೊಡವುತ್ತಿದ್ದಾಗ, ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಅತ್ತಿಹಣ್ಣು ಇದರಲ್ಲಿ ಯಾವ ಮೆಟ್ಟಿಲು?" ಎಂದು ಕೇಳಿದಳು. ತರಗತಿ ನಕ್ಕಿತು. ಹಣ್ಣು ಸಸ್ಯದ ಒಂದು ಅಂಗ, ಆದ್ದರಿಂದ ಅಂಗದ ಮೆಟ್ಟಿಲು ಎಂದು ನಾನು ತಡವಿಲ್ಲದೆ ಹೇಳಿದೆ. ಅವಳು ಕುಳಿತುಕೊಳ್ಳಲಿಲ್ಲ. "ಅದರೊಳಗೆ ಹುಳ ಇರ್ತಾವಲ್ಲ ಮೇಡಂ, ಅವನ್ನೂ ಸೇರಿಸಿ ಕೇಳಿದ್ದು" ಎಂದಳು. ಅವಳ ಮನೆಯ ಹಿಂದೆ ಹರಿಯುವ ಹಳ್ಳದ ಅಂಚಿನಲ್ಲಿ ಅತ್ತಿಮರಗಳಿದ್ದವು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ನಾನು ಕೊಟ್ಟ ಉತ್ತರ ಪಠ್ಯದ ಲೆಕ್ಕದಲ್ಲಿಯೂ ತಪ್ಪಾಗಿತ್ತು, ಏಕೆಂದರೆ ಅತ್ತಿಹಣ್ಣು ಸಸ್ಯಶಾಸ್ತ್ರದ ಅರ್ಥದಲ್ಲಿ ಒಂದು ಹಣ್ಣೇ ಅಲ್ಲ. ಅದು ಒಳಮುಖವಾಗಿ ಮಡಚಿಕೊಂಡ ಒಂದು ಹೂಗೊಂಚಲು. ಸೂರ್ಯಕಾಂತಿಯ ತಟ್ಟೆಯನ್ನು ಅಂಚು ಹಿಡಿದು ಮೇಲಕ್ಕೆತ್ತಿ ಚೀಲದಂತೆ ಬಾಯಿ ಕಟ್ಟಿದರೆ ಹೇಗಿರುತ್ತದೆಯೋ ಹಾಗೆ. ಸಾವಿರಾರು ಪುಟ್ಟ ಹೂಗಳು ಆ ಚೀಲದ ಒಳಗೋಡೆಗೆ ಅಂಟಿಕೊಂಡು ಕತ್ತಲೆಯಲ್ಲಿ ಅರಳುತ್ತವೆ. ಅತ್ತಿ ಹೂ ಬಿಡುವುದನ್ನು ಕಂಡವರಿಲ್ಲ ಎಂಬ ಹಳೆಯ ಮಾತಿನ ಗುಟ್ಟು ಇಷ್ಟೇ.

ಅಂದು ಸಂಜೆ ನಾನೇ ಹಳ್ಳದ ಕಡೆಗೆ ಹೋಗಿ, ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಟ್ಟಿದ್ದ ಕಾಯಿಗಳಲ್ಲಿ ನಾಲ್ಕಾರನ್ನು ಕಿತ್ತು ತಂದು, ಅಡುಗೆಮನೆಯ ಮಣೆಯ ಮೇಲಿಟ್ಟು ಬ್ಲೇಡಿನಿಂದ ಸೀಳಿ, ಪ್ರಯೋಗಶಾಲೆಯ ಕೈಮಸೂರವನ್ನು ಹಿಡಿದು ಕುಳಿತೆ. ಹೊರಗೆ ಚೆಂದ, ಒಳಗೆ ಹುಳ ಎಂದು ನಾವು ಆಡಿಕೊಳ್ಳುವ ಹಣ್ಣು ಅದು. ಕಪಟಿಗಳನ್ನು ಬಯ್ಯುವುದಕ್ಕೆ ಬಳಸಿ ಬಳಸಿ ಅದರ ಒಳಗನ್ನು ನೋಡುವುದನ್ನೇ ಬಿಟ್ಟಿದ್ದೇವೆ. ನಾನು ಸೀಳಿದ ಕಾಯಿಗಳಲ್ಲಿ ಒಂದು ಸರಿಯಾದ ಹೊತ್ತಿನದಾಗಿತ್ತು. ಅದರ ಒಳಗಿನಿಂದ ಎರಡು ಮಿಲಿಮೀಟರಿನ ಆಸುಪಾಸಿನ ಕಪ್ಪು ಕೀಟಗಳು ರೆಕ್ಕೆ ಬಿಡಿಸಿಕೊಳ್ಳುತ್ತ ಹೊರಬಂದು, ಮಣೆಯ ಮೇಲೆ ಕ್ಷಣಕಾಲ ಸುಳಿದಾಡಿ, ಕಿಟಕಿಯ ಬೆಳಕಿನ ಕಡೆಗೆ ಹಾರಿಹೋದವು. ಅವು ಹುಳಗಳಲ್ಲ, ಕಣಜಗಳು. ಅತ್ತಿಯ ಪರಾಗಸ್ಪರ್ಶವನ್ನು ನಡೆಸುವ ಈ ಪ್ರಭೇದಕ್ಕೆ ಸೆರಟೊಸೋಲೆನ್ ಫ್ಯುಸಿಸೆಪ್ಸ್ ಎಂದು ಹೆಸರು.

ಇವುಗಳ ಬದುಕನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಏಣಿಯ ಕಷ್ಟವೆಲ್ಲ ಆ ವಿವರದಲ್ಲಿದೆ. ಕಾಯಿ ಎಳೆಯದಾಗಿದ್ದು ಒಳಗಿನ ಹೆಣ್ಣು ಹೂಗಳು ಸಿದ್ಧವಾದಾಗ ಮರ ಗಾಳಿಗೆ ಒಂದು ಬಗೆಯ ಪರಿಮಳವನ್ನು ಬಿಡುತ್ತದೆ. ಆ ವಾಸನೆಯನ್ನು ಹಿಡಿದು ಬರುವ ಹೆಣ್ಣು ಕಣಜ, ಕಾಯಿಯ ತುದಿಯಲ್ಲಿ ಒತ್ತೊತ್ತಾಗಿ ಮುಚ್ಚಿಕೊಂಡಿರುವ ಪುಟ್ಟ ಎಸಳುಗಳ ನಡುವೆ ನುಸುಳಿ ಒಳಹೋಗುತ್ತದೆ. ನುಸುಳುವಾಗ ಸಾಮಾನ್ಯವಾಗಿ ರೆಕ್ಕೆಗಳೂ ಮೀಸೆಯ ತುದಿಗಳೂ ಮುರಿದು ಬೀಳುತ್ತವೆ. ಮತ್ತೆ ಹೊರಬರುವ ಮಾತಿಲ್ಲ. ಒಳಗೆ ಅದು ಕೆಲವು ಹೂಗಳ ಅಂಡಾಶಯಗಳಲ್ಲಿ ಒಂದೊಂದು ಮೊಟ್ಟೆ ಇಡುತ್ತದೆ ಮತ್ತು ಎದೆಯ ಬಳಿಯ ಪುಟ್ಟ ಚೀಲಗಳಲ್ಲಿ ತಾನು ಹುಟ್ಟಿದ ಮರದಿಂದ ತುಂಬಿಕೊಂಡು ತಂದ ಪರಾಗವನ್ನು ಕಾಲುಗಳಿಂದ ತೆಗೆದು ಹೂಗಳಿಗೆ ಹಚ್ಚುತ್ತದೆ. ಜೇನುನೊಣಕ್ಕೆ ಅಂಟಿದ ಪರಾಗ ಅಕಸ್ಮಾತ್ತಾಗಿ ಉದುರಿದ ಹಾಗಲ್ಲ ಇದು. ಉದ್ದೇಶವಿದ್ದಂತೆ ಮಾಡುವ ಕೆಲಸ. ಆಮೇಲೆ ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂಗಳು ಬೀಜವಾಗುವ ಬದಲು ಉಬ್ಬಿದ ಗಂಟುಗಳಾಗಿ ಮರಿಗಳಿಗೆ ಆಹಾರವಾಗುತ್ತವೆ, ಉಳಿದವು ಬೀಜವಾಗುತ್ತವೆ. ಕೆಲವು ವಾರಗಳ ಬಳಿಕ ಮೊದಲು ಗಂಡುಗಳು ಹೊರಬರುತ್ತವೆ. ಅವಕ್ಕೆ ರೆಕ್ಕೆಗಳಿಲ್ಲ. ಹೆಣ್ಣುಗಳು ಇನ್ನೂ ತಮ್ಮ ಗಂಟುಗಳೊಳಗೆ ಇರುವಾಗಲೇ ಅವನ್ನು ಕೂಡಿ, ಕಾಯಿಯ ಗೋಡೆಯನ್ನು ಕಚ್ಚಿ ಕಚ್ಚಿ ಸುರಂಗ ತೋಡಿ, ಗಂಡುಗಳು ಸಾಯುತ್ತವೆ. ಅಷ್ಟು ಹೊತ್ತಿಗೆ ಗಂಡು ಹೂಗಳು ಪರಾಗ ಬಿಟ್ಟಿರುತ್ತವೆ. ಹೆಣ್ಣುಗಳು ಅದನ್ನು ತುಂಬಿಕೊಂಡು ಸುರಂಗದಿಂದ ಹೊರಹಾರುತ್ತವೆ. ಹೊರಗೆ ಅವುಗಳ ಆಯುಸ್ಸು ಒಂದೆರಡು ದಿನ.

ಅತ್ತಿಯ ಬಳಗದ್ದೇ ಆದ ಅರಳಿಮರದ ಕಾಯಿಗಳಲ್ಲಿ ಈ ಕೊನೆಯ ಘಟ್ಟವನ್ನು ಗಲಿಲ್ ಮತ್ತು ಅವರ ಸಂಗಡಿಗರು 1973ರಲ್ಲಿ ಅಳೆದು ನೋಡಿದ್ದರು. ಮುಚ್ಚಿದ ಕಾಯಿಯ ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇಕಡಾ 10ರಷ್ಟು ಇರುತ್ತದೆ. ಗಂಡುಗಳು ಆ ಉಸಿರುಗಟ್ಟುವ ಗಾಳಿಯಲ್ಲಿಯೇ ಚುರುಕಾಗಿರುತ್ತವೆ, ಹೆಣ್ಣುಗಳು ಮಂಕಾಗಿರುತ್ತವೆ. ಗಂಡುಗಳು ಸುರಂಗ ಕೊರೆದು ಹೊರಗಿನ ಗಾಳಿ ಒಳನುಗ್ಗಿದ ಮೇಲಷ್ಟೇ ಹೆಣ್ಣುಗಳು ಎಚ್ಚರಗೊಳ್ಳುತ್ತವೆ. ಆ ಅನಿಲವನ್ನು ಉಸಿರಾಡಿ ಬಿಟ್ಟದ್ದು ಮರದ ಅಂಗಾಂಶ ಮತ್ತು ಕಣಜದ ಮರಿಗಳು ಸೇರಿ. ಅದು ಒಂದು ಅಣು, ಏಣಿಯ ಎರಡನೆಯ ಮೆಟ್ಟಿಲು. ಆದರೆ ಇಲ್ಲಿ ಅದು ಎರಡು ಜೀವಿಗಳ ನಡುವಿನ ಗಡಿಯಾರವಾಗಿ ಕೆಲಸ ಮಾಡುತ್ತಿದೆ.

ಹಾಗಾದರೆ ಹುಡುಗಿಯ ಪ್ರಶ್ನೆಗೆ ಏನು ಉತ್ತರ? ಮರದ ಕಡೆಯಿಂದ ನೋಡಿದರೆ ಆ ಕಾಯಿ ಒಂದು ಅಂಗ, ಇನ್ನೂ ಸರಿಯಾಗಿ ಹೇಳುವುದಾದರೆ ಅಂಗಗಳ ಒಂದು ಗೊಂಚಲು. ಕಣಜದ ಕಡೆಯಿಂದ ನೋಡಿದರೆ ಅದು ಊರು: ಹುಟ್ಟುವ, ಉಣ್ಣುವ, ಕೂಡುವ, ಬಹುತೇಕ ಗಂಡುಗಳ ಮಟ್ಟಿಗಂತೂ ಸಾಯುವ ಊರು. ಒಂದೇ ಪ್ರಭೇದದ ನೂರಾರು ಜೀವಿಗಳ ಗುಂಪು ಒಂದು ಅಂಗದ ಒಳಗೆ ವಾಸವಾಗಿದೆ ಎಂದರೆ ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲಿನ ಹೊಟ್ಟೆಯಲ್ಲಿದೆ ಎಂದಾಯಿತು. ಅಷ್ಟಕ್ಕೇ ಮುಗಿಯುವುದಿಲ್ಲ. ಕಾಯಿಯ ಹೊರಗಿನಿಂದಲೇ ಉದ್ದನೆಯ ಸೂಜಿಯಂತಹ ಅಂಡನಿಕ್ಷೇಪಕವನ್ನು ಚುಚ್ಚಿ ಮೊಟ್ಟೆ ಇಡುವ, ಪರಾಗಕ್ಕೆ ಯಾವ ಸಹಾಯವನ್ನೂ ಮಾಡದ ಬೇರೆ ಕಣಜಗಳು ಐದಾರು ಬಗೆ ಇದೇ ಅತ್ತಿಯನ್ನು ಹುಡುಕಿಕೊಂಡು ಬರುತ್ತವೆ. ಅವುಗಳಲ್ಲಿ ಕೆಲವು ಹೂವನ್ನು ಗಂಟಾಗಿಸುವಂಥವು, ಕೆಲವು ಆ ಗಂಟಿನೊಳಗಿನ ಇನ್ನೊಂದು ಕಣಜದ ಮರಿಯನ್ನೇ ತಿನ್ನುವಂಥವು. ಇನ್ನು ಹೆಣ್ಣು ಕಣಜದ ದೇಹವನ್ನು ಸವಾರಿಯ ಗಾಡಿಯಾಗಿ ಮಾಡಿಕೊಂಡು ಕಾಯಿಯಿಂದ ಕಾಯಿಗೆ ಹೋಗುವ ಸೂಕ್ಷ್ಮ ದುಂಡುಹುಳಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ವರ್ಷಗಟ್ಟಲೆ ಈ ಅತ್ತಿಯನ್ನೇ ಅಭ್ಯಾಸ ಮಾಡಿದೆ; ಕಿಕ್ಕಿರಿದ ಕಾಯಿಯೊಳಗೆ ಈ ದುಂಡುಹುಳಗಳು ಸರಿಯಾದ ಗಾಡಿಯನ್ನು ಹೇಗೆ ಗುರುತಿಸಿ ಹತ್ತುತ್ತವೆ ಎಂಬುದನ್ನು ಅವರು 2010ರಲ್ಲಿ ಪ್ರಕಟಿಸಿದ ಸಂಶೋಧನೆ ವಿವರಿಸುತ್ತದೆ. ನನ್ನ ಅಡುಗೆಮನೆಯ ಮಣೆಯ ಮೇಲೆ ಇದ್ದದ್ದು, ಹಾಗಾದರೆ, ಒಂದು ಜೀವಿಸಮುದಾಯ.

ಇದನ್ನು ವಿಶೇಷ ಪ್ರಕರಣ ಎಂದು ತಳ್ಳಿಹಾಕಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡೆ: ಏಣಿ ಸರಿಯಾಗಿಯೇ ಇದೆ, ಅತ್ತಿಹಣ್ಣು ಮಾತ್ರ ವಿಚಿತ್ರ. ಆದರೆ ಮರದ ಉಳಿದ ಭಾಗಗಳನ್ನು ನೋಡತೊಡಗಿದಾಗ ಆ ಸಮಾಧಾನವೂ ಉಳಿಯಲಿಲ್ಲ. ಅತ್ತಿಯ ಎಲೆಗಳ ಮೇಲೆ ಹಲವು ಸಲ ದುಂಡನೆಯ ಗಂಟುಗಳು ಎದ್ದಿರುವುದನ್ನು ನೀವು ನೋಡಿರಬಹುದು. ಕೆಲವು ಎಲೆಗಳಲ್ಲಂತೂ ಗಂಟುಗಳೇ ಜಾಸ್ತಿ, ಎಲೆ ಕಡಿಮೆ. ಪೌರೊಪ್ಸಿಲ್ಲಾ ಎಂಬ ಪುಟ್ಟ ರಸ ಹೀರುವ ಕೀಟದ ಮರಿಗಳು ಅವುಗಳ ಒಳಗೆ ಬೆಳೆಯುತ್ತವೆ. ಆ ಗಂಟನ್ನು ಕಟ್ಟಿರುವ ಜೀವಕೋಶಗಳೆಲ್ಲ ಮರದವು, ಅವುಗಳಲ್ಲಿರುವ ಡಿಎನ್‌ಎ ಮರದ್ದು, ಖರ್ಚಾದ ಆಹಾರ ಮರದ್ದು. ಆಕಾರ ಮಾತ್ರ ಕೀಟದ ಪ್ರಚೋದನೆಯಿಂದ ಬಂದದ್ದು, ಉಪಯೋಗವೂ ಕೀಟಕ್ಕೆ. ಗೋಡೆಯಿದೆ, ಕೋಣೆಯಿದೆ, ನಿರ್ದಿಷ್ಟ ಕೆಲಸವಿದೆ. ಅಂಗ ಎನ್ನುವುದಕ್ಕೆ ನಾವು ಪಾಠದಲ್ಲಿ ಹೇಳುವ ಲಕ್ಷಣಗಳೆಲ್ಲ ಇವೆ. ಆದರೆ ಯಾರ ಅಂಗ? ಅಂಗ ಎಂದರೆ ಯಾವುದಾದರೊಂದು ಜೀವಿಯ ಅಂಗವಾಗಿರಲೇಬೇಕು ಎಂದು ನಾವು ಏಣಿಯನ್ನು ಬರೆಯುವಾಗ ಹೇಳದೆಯೇ ಒಪ್ಪಿಕೊಂಡಿರುತ್ತೇವೆ, ಆ ಒಪ್ಪಿಗೆಯನ್ನೇ ಈ ಗಂಟು ಪ್ರಶ್ನಿಸುತ್ತದೆ.

ಕೆಳಗಿನ ಮೆಟ್ಟಿಲುಗಳಾದರೂ ಗಟ್ಟಿಯಾಗಿವೆಯೇ? ಜೀವಕೋಶದಷ್ಟು ಭದ್ರವಾದ ಮೆಟ್ಟಿಲು ಬೇರೊಂದಿಲ್ಲ ಎನ್ನುವುದು ನಮ್ಮೆಲ್ಲರ ನಂಬಿಕೆ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ತೊಗಟೆಯಲ್ಲಿ ಕಂಡ ಕೋಣೆಗಳು, 1838 ಮತ್ತು 1839ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಸಸ್ಯಗಳೂ ಪ್ರಾಣಿಗಳೂ ಕೋಶಗಳಿಂದಲೇ ಆಗಿವೆ ಎಂದು ಮಂಡಿಸಿದ್ದು, 1855ರಲ್ಲಿ ವಿರ್ಖೋ ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂದದ್ದು, ಇವೆಲ್ಲ ನಾವು ತಪ್ಪದೆ ಹೇಳುವ ಕತೆಗಳು. ವಿರ್ಖೋ ದೇಹವನ್ನು ಕೋಶಗಳೆಂಬ ಪ್ರಜೆಗಳ ಒಂದು ರಾಜ್ಯಕ್ಕೆ ಹೋಲಿಸಿದ್ದ. ಈಗ ಅತ್ತಿಯ ಕಾಯಿಯನ್ನು ಕಿತ್ತಾಗ ತೊಟ್ಟಿನಿಂದ ಒಸರುವ ಬಿಳಿಯ ಹಾಲನ್ನು ನೋಡಿ. ಕೈಗೆ ತಾಗಿದರೆ ಅಂಟಂಟಾಗಿ, ಆಮೇಲೆ ಕಪ್ಪಾಗಿ, ಎಷ್ಟು ತೊಳೆದರೂ ಹೋಗದ ಆ ಸೊನೆ ಹರಿಯುವ ನಾಳಗಳು ಅತ್ತಿಯ ಕುಟುಂಬದಲ್ಲಿ ಕೋಶಗಳ ಸಾಲಿನಿಂದ ಆದವಲ್ಲ. ಬೀಜದೊಳಗಿನ ಭ್ರೂಣದಲ್ಲಿಯೇ ಗೊತ್ತಾಗುವ ಕೆಲವೇ ಕೆಲವು ಕೋಶಗಳು, ಸಸಿ ಮರವಾಗುವಾಗ ಇತರ ಕೋಶಗಳಂತೆ ಎರಡಾಗಿ ಒಡೆಯದೆ, ಒಳಗಿನ ಕೋಶಕೇಂದ್ರಗಳನ್ನು ಮಾತ್ರ ಹೆಚ್ಚಿಸಿಕೊಳ್ಳುತ್ತ, ಕವಲೊಡೆಯುತ್ತ, ಉಳಿದ ಕೋಶಗಳ ಸಂದುಗಳಲ್ಲಿ ತೂರಿಕೊಂಡು ಬೆಳೆಯುತ್ತಲೇ ಹೋಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಂಥದ್ದು ಜೀವಕೋಶ ಎಂದು ವ್ಯಾಖ್ಯಾನಿಸಿದ್ದ ನನಗೆ, ಮರದೊಡನೆ ಮರದಷ್ಟೇ ಉದ್ದಕ್ಕೆ ಚಾಚಿಕೊಳ್ಳುವ ಕೋಶವನ್ನು ಯಾವ ಮೆಟ್ಟಿಲಿನಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. ರಾಜ್ಯದಷ್ಟೇ ದೊಡ್ಡದಾದ ಪ್ರಜೆ! ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನಿಯ ಸಸ್ಯಶಾಸ್ತ್ರಜ್ಞ ಆಂಟನ್ ಡಿ ಬಾರಿ ಈ ವಾದವನ್ನು ತಲೆಕೆಳಗು ಮಾಡಿದ್ದ. ಕೋಶಗಳು ಸೇರಿ ಸಸ್ಯವಾಗುವುದಲ್ಲ, ಸಸ್ಯವೇ ಕೋಶಗಳನ್ನು ಮಾಡಿಕೊಳ್ಳುತ್ತದೆ ಎನ್ನುವುದು ಅವನ ನಿಲುವಾಗಿತ್ತು. ಬೇರೆ ಬೇರೆ ಪ್ರಭೇದಗಳು ಒಟ್ಟಿಗೆ ಬದುಕುವುದಕ್ಕೆ ಸಹಜೀವನ ಎಂಬ ಅರ್ಥದ ಶಾಸ್ತ್ರೀಯ ಹೆಸರನ್ನು ಜೀವಶಾಸ್ತ್ರದಲ್ಲಿ ನೆಲೆಗೊಳಿಸಿದವನೂ ಅವನೇ, ಇದು ಕಾಕತಾಳೀಯವಲ್ಲ ಎಂದು ನನಗೆ ಅನ್ನಿಸುತ್ತದೆ.

ಕೋಶದ ಒಳಕ್ಕೆ ಇಳಿದರೆ ಸಹಜೀವನ ಮತ್ತೆ ಎದುರಾಗುತ್ತದೆ. ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಿಗೆ ತಮ್ಮದೇ ಆದ ಡಿಎನ್‌ಎ ಇದೆ. ಅತ್ತಿಯಲ್ಲಿ ಅದರ ಉದ್ದ ಸುಮಾರು 1,60,000 ಅಕ್ಷರಜೋಡಿಗಳು. ಕೋಶಕ್ಕೆ ಶಕ್ತಿ ಒದಗಿಸುವ ಕಣದಂಗಗಳಾದ ಮೈಟೊಕಾಂಡ್ರಿಯಗಳಿಗೂ ತಮ್ಮದೇ ಡಿಎನ್‌ಎ ಇದೆ. ಇವೆರಡೂ ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಗಳ ಸಂತತಿ ಎಂಬ ವಾದಕ್ಕೆ ಅಮೆರಿಕದ ಜೀವಶಾಸ್ತ್ರಜ್ಞೆ ಲಿನ್ ಮಾರ್ಗುಲಿಸ್ 1967ರಲ್ಲಿ ಹೊಸ ಜೀವ ಕೊಟ್ಟರು, ಇಂದು ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕಣದಂಗದ ಮೆಟ್ಟಿಲಿನಲ್ಲಿ ನಾವು ಕೂರಿಸಿರುವುದು ಹಿಂದೊಮ್ಮೆ ಜೀವಿಯ ಮೆಟ್ಟಿಲಿನಲ್ಲಿ ಇದ್ದದ್ದನ್ನು; ಜೀವಕೋಶ ಎಂದು ಕರೆಯುವುದು ಒಂದು ಬಹು ಹಳೆಯ ಸಮುದಾಯವನ್ನು. ಹಳೆಯದು ಎಂದು ಸುಮ್ಮನಾಗುವ ಹಾಗೂ ಇಲ್ಲ. ಅನೇಕ ಪ್ರಭೇದಗಳ ಅತ್ತಿ ಕಣಜಗಳ ಕೋಶಗಳೊಳಗೆ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ಇಂದಿಗೂ ವಾಸವಾಗಿದೆ, ತಾಯಿಯ ಮೊಟ್ಟೆಯ ಮೂಲಕ ಮಕ್ಕಳಿಗೆ ದಾಟುತ್ತದೆ. ಅದನ್ನು ಅತಿಥಿ ಎನ್ನಬೇಕೋ, ರೋಗಾಣು ಎನ್ನಬೇಕೋ, ಇನ್ನೂ ಕಣದಂಗವಾಗಿಲ್ಲದ ಕಣದಂಗ ಎನ್ನಬೇಕೋ?

ಮೆಟ್ಟಿಲುಗಳ ಗಡಿ ಮಸುಕಾಗಿದೆ ಎಂಬುದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಏಣಿಯ ಚಿತ್ರ ನಮಗೆ ಗೊತ್ತಿಲ್ಲದಂತೆ ಒಂದು ದಿಕ್ಕನ್ನೂ ಕಲಿಸಿಬಿಡುತ್ತದೆ. ಕಾರಣ ಕೆಳಗಿರುತ್ತದೆ, ಪರಿಣಾಮ ಮೇಲಿರುತ್ತದೆ. ಪರಮಾಣುಗಳು ಹೀಗಿರುವುದರಿಂದ ಅಣುಗಳು ಹೀಗೆ, ಅಣುಗಳು ಹೀಗಿರುವುದರಿಂದ ಕೋಶ ಹೀಗೆ ಎನ್ನುವ ಸಾಲು ಅದು. ಅದರಲ್ಲಿ ನಿಜವಿಲ್ಲ ಎಂದಲ್ಲ. ಹೊರಗಿನಿಂದ ಚುಚ್ಚಿ ಮೊಟ್ಟೆ ಇಡುವ ಕಣಜಗಳ ಮಾತು ಬಂತಲ್ಲ, ಕೂದಲೆಳೆಗಿಂತ ತೆಳುವಾದ ಅವುಗಳ ಸೂಜಿ ಗಟ್ಟಿ ಕಾಯಿಯನ್ನು ಬಾಗದೆ ಮುರಿಯದೆ ಹೇಗೆ ಕೊರೆಯುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಇಂಜಿನಿಯರುಗಳು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಸೂಜಿಯ ತುದಿಯಲ್ಲಿ ಸತು ಸೇರಿಕೊಂಡು ಅದನ್ನು ಗಟ್ಟಿಯಾಗಿಸಿತ್ತು. ತಳದ ಮೆಟ್ಟಿಲಿನ ಒಂದು ಲೋಹದ ಪರಮಾಣು, ನಡುವಿನ ಮೆಟ್ಟಿಲುಗಳಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಒಂದು ಕಾಯಿಯೊಳಗೆ ಯಾವ ಯಾವ ಪ್ರಭೇದಗಳು ಒಟ್ಟಿಗೆ ಇರಬಲ್ಲವು ಎಂಬ ಸಮುದಾಯದ ಪ್ರಶ್ನೆಗೆ ನೇರವಾಗಿ ಬಂದು ಮುಟ್ಟುತ್ತದೆ.

ಆದರೆ ಮೇಲಿನಿಂದ ಕೆಳಕ್ಕೆ ಇಳಿಯುವ ಕಾರಣಗಳೂ ಅಷ್ಟೇ ಖಚಿತವಾಗಿವೆ. ಕಣಜಗಳಲ್ಲಿ, ಜೇನುನೊಣಗಳಲ್ಲಿರುವಂತೆಯೇ, ಫಲಿತವಾದ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡಾಗುತ್ತದೆ. ಹಾಗಾಗಿ ಎಷ್ಟು ಗಂಡು, ಎಷ್ಟು ಹೆಣ್ಣು ಎಂಬುದು ಬಹುಮಟ್ಟಿಗೆ ತಾಯಿಯ ಕೈಯಲ್ಲಿದೆ. ಕಾಯಿಯೊಳಗೆ ಒಬ್ಬಳೇ ತಾಯಿ ಹೊಕ್ಕಿದ್ದರೆ ಮುಂದೆ ಅಲ್ಲಿ ಕೂಡುವವರೆಲ್ಲ ಅವಳ ಮಕ್ಕಳೇ, ಒಡಹುಟ್ಟಿದವರೇ. ಎಲ್ಲ ಹೆಣ್ಣುಮಕ್ಕಳನ್ನೂ ಕೂಡಲು ಕೆಲವೇ ಗಂಡುಮಕ್ಕಳು ಸಾಕು. ಹೆಚ್ಚು ಗಂಡುಗಳನ್ನು ಹೆತ್ತರೆ ಅವರು ತಮ್ಮತಮ್ಮಲ್ಲೇ ಸೆಣಸಿ ವ್ಯರ್ಥ. ಅದೇ ಕಾಯಿಗೆ ಮೂರೋ ನಾಲ್ಕೋ ತಾಯಂದಿರು ಹೊಕ್ಕಿದ್ದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಈಗ ತನ್ನ ಗಂಡುಮಕ್ಕಳು ಪರರ ಹೆಣ್ಣುಮಕ್ಕಳನ್ನು ಕೂಡಬಲ್ಲರು. 1967ರಲ್ಲಿ ಬ್ರಿಟನ್ನಿನ ಜೀವಶಾಸ್ತ್ರಜ್ಞ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಕಾಗದದ ಮೇಲೆ ಮಾಡಿದ ಈ ಲೆಕ್ಕವನ್ನು ಅಲೆನ್ ಹೆರ್ ಪನಾಮಾದ ಅತ್ತಿ ಬಳಗದ ಕಣಜಗಳಲ್ಲಿ ಎಣಿಸಿ ನೋಡಿ 1985ರಲ್ಲಿ ವರದಿ ಮಾಡಿದರು; ತಾಯಂದಿರ ಸಂಖ್ಯೆ ಹೆಚ್ಚಿದಂತೆ ಗಂಡುಮಕ್ಕಳ ಪಾಲು ಹೆಚ್ಚುತ್ತಿತ್ತು. ಒಂದು ಮೊಟ್ಟೆಯ ಮೇಲೆ ವೀರ್ಯಾಣು ಬೀಳಬೇಕೋ ಬೇಡವೋ ಎಂಬುದು ಕೋಶದ ಮಟ್ಟದ ಸಂಗತಿ. ಅದನ್ನು ನಿರ್ಧರಿಸುತ್ತಿರುವುದು ಗುಂಪಿನ ಮಟ್ಟದ ಸಂಗತಿ.

ಪನಾಮಾದಲ್ಲಿಯೇ ನಡೆದು 1994ರಲ್ಲಿ ಪ್ರಕಟವಾದ ಇನ್ನೊಂದು ಅಭ್ಯಾಸವೂ ನೆನಪಾಗುತ್ತದೆ. ಬಿಸಿಲಿನಲ್ಲಿ ನಿಂತ ದೊಡ್ಡ ಗಾತ್ರದ ಕಾಯಿಗಳು ಒಳಗೆ ಬೇಯದೆ ಉಳಿಯುವುದು ಅವುಗಳ ಮೈಯಿಂದ ನೀರು ಆವಿಯಾಗುತ್ತಿರುವುದರಿಂದ. ಸಂಶೋಧಕರು ಆ ಆವಿಯನ್ನು ತಡೆದಾಗ ಒಳಗಿನ ಉಷ್ಣತೆ ಕಣಜಗಳು ತಾಳಲಾರದಷ್ಟು ಏರಿತು. ನಮ್ಮ ಹಳ್ಳಿಗಳಲ್ಲಿ ಅತ್ತಿಯಿದ್ದಲ್ಲಿ ನೀರಿದೆ ಎನ್ನುತ್ತಾರೆ, ಬಾವಿ ತೋಡುವವರು ಅದನ್ನು ಗುರುತಾಗಿ ನೋಡುವುದೂ ಉಂಟು. ಹಳ್ಳದ ತೇವ ಬೇರಿಗೆ, ಬೇರಿನಿಂದ ಕಾಂಡದ ನಾಳಗಳಿಗೆ, ಅಲ್ಲಿಂದ ಕಾಯಿಯ ಸಿಪ್ಪೆಯ ರಂಧ್ರಗಳಿಗೆ ಬರುತ್ತದೆ. ಹಳ್ಳ ಎನ್ನುವುದು ಪರಿಸರ ವ್ಯವಸ್ಥೆಯ ಮೆಟ್ಟಿಲು ಎಂದು ಬರೆಸುವ ನಾನು, ಅದು ಮರಿಕಣಜದ ತೊಟ್ಟಿಲನ್ನು ತಂಪಾಗಿಡುತ್ತಿದೆ ಎಂದು ಒಂದು ಸಲವೂ ಹೇಳಿರಲಿಲ್ಲ.

ಇಷ್ಟಾದ ಮೇಲೆ ಏಣಿಯನ್ನು ಅಳಿಸಿಬಿಡಬೇಕೆಂದು ನಾನು ಹೇಳುವುದಿಲ್ಲ. ಎಲ್ಲವೂ ಎಲ್ಲದರೊಂದಿಗೆ ಬೆಸೆದುಕೊಂಡಿದೆ, ಆದ್ದರಿಂದ ವಿಂಗಡಿಸುವುದೇ ತಪ್ಪು ಎನ್ನುವ ಮಾತು ಕೇಳಲು ಗಂಭೀರವಾಗಿರುತ್ತದೆ, ಆದರೆ ಅದರಿಂದ ಏನನ್ನೂ ಕಂಡುಹಿಡಿಯಲು ಬರುವುದಿಲ್ಲ. ಸತುವನ್ನು ಕಂಡವರು ಸೂಜಿಯ ತುದಿಯನ್ನಷ್ಟೇ ನೋಡಿದ್ದರಿಂದ ಕಂಡರು, ಗಂಡುಹೆಣ್ಣುಗಳ ಲೆಕ್ಕ ಹಿಡಿದವರು ಕೋಶವನ್ನು ಮರೆತು ಗುಂಪನ್ನು ಎಣಿಸಿದ್ದರಿಂದ ಹಿಡಿದರು. ನಾನು ತಪ್ಪಿದ್ದು ಬೇರೆ ಕಡೆ. ಮಟ್ಟ ಎನ್ನುವುದು ವಸ್ತುವಿನಲ್ಲಿದೆ, ಪ್ರತಿ ವಸ್ತುವಿಗೂ ಒಂದು ಖಾಯಂ ಮೆಟ್ಟಿಲಿದೆ ಎಂದು ನಾನು ತಿಳಿದಿದ್ದೆ. ಈಗ ನನಗೆ ತೋರುವಂತೆ ಅದು ಪ್ರಶ್ನೆಯಲ್ಲಿದೆ, ಕೇಳುವವರು ಎಷ್ಟು ದೂರದಲ್ಲಿ ನಿಂತು ಕೇಳುತ್ತಿದ್ದಾರೆ ಎಂಬುದರಲ್ಲಿದೆ. ಬೀಜ ಎಷ್ಟು ಕಟ್ಟಿತು ಎಂದು ಕೇಳಿದರೆ ಅತ್ತಿಕಾಯಿ ಮರದ ಅಂಗ. ಯಾರು ಯಾರನ್ನು ತಿಂದರು ಎಂದು ಕೇಳಿದರೆ ಅದೇ ಕಾಯಿ ಸಮುದಾಯ. ಒಳಗಿನ ಗಾಳಿ, ಶಾಖ, ತೇವಗಳನ್ನು ಕೇಳಿದರೆ ಗೋಡೆ ಕಟ್ಟಿಕೊಂಡ ಒಂದು ಪುಟ್ಟ ಪರಿಸರ ವ್ಯವಸ್ಥೆ. ಹುಡುಗಿ ಯಾವ ಮೆಟ್ಟಿಲು ಎಂದು ಕೇಳಿದಾಗ, ಯಾವುದನ್ನು ತಿಳಿಯುವುದಕ್ಕೆ ಎಂದು ನಾನು ತಿರುಗಿ ಕೇಳಬೇಕಿತ್ತು.

ಮೇಲಿನ ಮೆಟ್ಟಿಲುಗಳ ಬಗ್ಗೆ ನಮ್ಮಲ್ಲಿ ಹೆಚ್ಚು ಬರೆದವರಿದ್ದಾರೆ, ನಾನು ಚುಟುಕಾಗಿ ಹೇಳುತ್ತೇನೆ. ಕಣಜಗಳು ಹೊರಟುಹೋದ ಮೇಲೆ ಕಾಯಿ ಕೆಂಪಾಗಿ ಮೆತ್ತಗಾಗುತ್ತದೆ, ಬಾವಲಿ, ಕುಟ್ರುಹಕ್ಕಿ, ಮಂಗಟ್ಟೆ, ಕೋತಿ, ಅಳಿಲುಗಳೆಲ್ಲ ಬರುತ್ತವೆ. ಪಶ್ಚಿಮಘಟ್ಟದ ಕಾಡಿನಲ್ಲಿ ಬೇರೆ ಹಣ್ಣುಗಳಿಲ್ಲದ ತಿಂಗಳುಗಳಲ್ಲಿ ಅತ್ತಿ, ಆಲ, ಬಸರಿ, ಗೋಣಿಮರಗಳೇ ಇವಕ್ಕೆ ಆಧಾರ. ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆಗಳು ಕಾಯಿಗಳ ಮೇಲೆ ಓಡಾಡಿಕೊಂಡು ಕಣಜಗಳನ್ನು ಹಿಡಿಯುತ್ತವೆ. ಕಾಯಿಯ ವಾಸನೆ ಬದಲಾದಾಗ ಕಣಜಗಳು ಬರುವ, ಹೊರಡುವ ಹೊತ್ತು ಅವಕ್ಕೂ ತಿಳಿಯುತ್ತದೆ ಎಂದು ಬೆಂಗಳೂರಿನ ತಂಡವೇ ತೋರಿಸಿದೆ.

ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಮರಗಳ ಗುಂಪಿನ ಮಟ್ಟ. ಒಂದು ಅತ್ತಿಮರದಲ್ಲಿ ಸಾಮಾನ್ಯವಾಗಿ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಬಲಿಯುತ್ತವೆ. ಎಂದರೆ, ಕಣಜಗಳು ಹೊರಬರುವ ದಿನ ಅದೇ ಮರದಲ್ಲಿ ಅವು ಹೊಕ್ಕಬಹುದಾದ ಎಳೆಗಾಯಿ ಇರುವುದು ಅಪರೂಪ. ಒಂದೆರಡು ದಿನದ ಆಯುಸ್ಸಿನಲ್ಲಿ, ರೆಕ್ಕೆ ಮುರಿಯುವ ಮೊದಲು, ಅವು ಸರಿಯಾದ ಹಂತದಲ್ಲಿರುವ ಇನ್ನೊಂದು ಅತ್ತಿಯನ್ನು ಮುಟ್ಟಬೇಕು. ಆದ್ದರಿಂದ ಸೀಮೆಯ ಮರಗಳೆಲ್ಲ ಒಂದೇ ಸಲ ಕಾಯಿ ಬಿಡದೆ ವರ್ಷವಿಡೀ ಒಂದಲ್ಲ ಒಂದು ಮರ ಸಿದ್ಧವಾಗಿರುವುದು ಕಣಜದ ಉಳಿವಿಗೆ ಬೇಕು, ಕಣಜ ಉಳಿದರೆ ಮಾತ್ರ ಅತ್ತಿಗೆ ಬೀಜ. ಇಂಥ ಒಂದು ಕಣಜದ ಗುಂಪು ಕೆಲವು ವರ್ಷ ಬಾಳಲು ಎಷ್ಟು ಮರಗಳು ಬೇಕಾಗಬಹುದು ಎಂದು ಜೂಡಿತ್ ಬ್ರಾನ್‌ಸ್ಟೈನ್ ಮತ್ತು ಸಂಗಡಿಗರು 1990ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಬಂದ ಉತ್ತರ ನೂರರ ಆಸುಪಾಸಿನಲ್ಲಿತ್ತು. ರಸ್ತೆಗೆಂದು ಹಳ್ಳದ ಅಂಚಿನ ಹತ್ತು ಮರ ಕಡಿದಾಗ ಹತ್ತು ಮರ ಹೋದವು ಎಂದು ನಾವು ಎಣಿಸುತ್ತೇವೆ. ಆ ಎಣಿಕೆ ಜೀವಿಯ ಮೆಟ್ಟಿಲಿನದು. ಕಣಜದ ಎಣಿಕೆ ಬೇರೆಯದು, ಅದಕ್ಕೆ ಹೋದದ್ದು ವರ್ಷದ ಕೆಲವು ವಾರಗಳು.

ಆ ಗುಂಪು ಎಷ್ಟು ದೂರ ಹರಡಿರಬಹುದು? ಆಫ್ರಿಕದ ನಮೀಬಿಯ ಮರುಭೂಮಿಯಲ್ಲಿ, ಉಗಾಬ್ ಎಂಬ ಬಹುಕಾಲ ಒಣಗಿಯೇ ಇರುವ ನದಿಯ ದಂಡೆಯಲ್ಲಿ, ನಮ್ಮ ಅತ್ತಿಯ ಹತ್ತಿರದ ನೆಂಟನಾದ ಸಿಕಮೋರ್ ಅತ್ತಿ ಅಲ್ಲೊಂದು ಇಲ್ಲೊಂದು ಬೆಳೆಯುತ್ತದೆ. ಸುತ್ತ ಬೇರೆ ಅತ್ತಿಗಳಿಲ್ಲದ ಕಾರಣ ಯಾವ ಬೀಜದ ತಂದೆ ಯಾವ ಮರ ಎಂಬುದನ್ನು ಡಿಎನ್‌ಎ ಮೂಲಕ ಪತ್ತೆಹಚ್ಚಲು ಸಾಧ್ಯವಾಯಿತು. 2009ರಲ್ಲಿ ಪ್ರಕಟವಾದ ಆ ಅಭ್ಯಾಸದ ಪ್ರಕಾರ ಎರಡು ಮಿಲಿಮೀಟರಿನ ಕಣಜಗಳು ಗಾಳಿಯ ಬೆನ್ನೇರಿ ಪರಾಗವನ್ನು ಸರಾಸರಿ ಎಂಬತ್ತು ತೊಂಬತ್ತು ಕಿಲೋಮೀಟರು, ಒಂದೆರಡು ಸಂದರ್ಭಗಳಲ್ಲಿ 160 ಕಿಲೋಮೀಟರು ಒಯ್ದಿದ್ದವು.

ಇದನ್ನು ಓದಿದ ಮರುದಿನ ಬೆಳಿಗ್ಗೆ ನಾನು ಆ ಹುಡುಗಿಯನ್ನು ಕರೆದುಕೊಂಡು ಹಳ್ಳದ ಗುಂಟ ಮೇಲಕ್ಕೆ ನಡೆದೆ. ಅವಳು ದಾರಿಯಲ್ಲಿನ ಪ್ರತಿ ಅತ್ತಿಯನ್ನೂ ಬಲ್ಲಳು, ಯಾವುದರಲ್ಲಿ ಕಾಯಿ ಬಲಿತಿದೆ, ಯಾವುದು ಈಗಷ್ಟೇ ಮೊಗ್ಗಿಟ್ಟಿದೆ, ಯಾವುದರ ಕೆಳಗೆ ದನಗಳು ಬಂದು ನಿಲ್ಲುತ್ತವೆ ಎಂದು ಹೇಳುತ್ತಾ ಬಂದಳು. ಸೇತುವೆಯವರೆಗೆ ಏಳು ಮರಗಳಿದ್ದವು. ಅವುಗಳಲ್ಲಿ ಕಾಂಡದ ತುಂಬ ಹೆಸರುಕಾಳಿನಷ್ಟು ಎಳೆಗಾಯಿ ಕಟ್ಟಿಕೊಂಡು ನಿಂತಿದ್ದದ್ದು ಒಂದೇ. ಎಲೆಯೊಂದನ್ನು ಕಿತ್ತು ಹಾಲು ಒರೆಸಿಕೊಳ್ಳುತ್ತ ಅವಳು, "ಇದಕ್ಕೆ ಎಲ್ಲಿಂದ ಬರ್ತಾವೆ ಮೇಡಂ?" ಎಂದು ಕೇಳಿದಳು. ಗಾಳಿ ಆಗ ಪಶ್ಚಿಮದಿಂದ, ಘಟ್ಟದ ಕಡೆಯಿಂದ ಬೀಸುತ್ತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಆ ದಿಕ್ಕನ್ನು ನೋಡಿದೆವು; ಅಲ್ಲಿ ಕಾಣುತ್ತಿದ್ದದ್ದು ಅಡಕೆ ತೋಟ, ಅದರಾಚೆ ಗುಡ್ಡ, ಗುಡ್ಡದ ಮೇಲೆ ಮಂಜು.